ಹಿಂಬಾಗಿಲಿಲ್ಲದ ಕಟ್ಟಡ

ಆರ್ಕಿಟೆಕ್ಚರ್ ಓದುವ ಮಕ್ಕಳು ಕೊನೆಯ ವರ್ಷಕ್ಕೆ ಬಂದಾಗ ನಮ್ಮ ಉಡುಪಿಯ ಕಡೆಗೆ ಮುಖ ಮಾಡುವುದು ಈಗೊಂದು ವಾಡಿಕೆ. ಐದು ವರ್ಷದ ಓದಿನ ಕೊನೆಗೆ ಅವರು ಥೀಸಿಸ್ ಒಪ್ಪಿಸಬೇಕು. ಒಂದು ಜಾಗ ಆರಿಸಿ, ಅಲ್ಲಿಗೊಂದು ಕಟ್ಟಡ ಕಲ್ಪಿಸಿ, ನಕ್ಷೆ, ಮಾಡೆಲ್‌ಗಳ ಸಮೇತ ಪರೀಕ್ಷಕರ ಮುಂದೆ ನಿಂತು ಸಮರ್ಥಿಸಿಕೊಳ್ಳಬೇಕು. ಅದಕ್ಕೊಂದು ‘ಕಾನ್ಸೆಪ್ಟ್’ ಬೇಕಂತೆ. ಆ ಕಾನ್ಸೆಪ್ಟನ್ನು ಹುಡುಕಿಕೊಂಡು ರಥಬೀದಿಯಲ್ಲಿ, ಮಣಿಪಾಲದಲ್ಲಿ, ಕಾಪುವಿನ ದೀಪಸ್ತಂಭದ ಬುಡದಲ್ಲಿ, ಕಾರ್ಕಳದ ಗುಡ್ಡದ ಮೆಟ್ಟಿಲಲ್ಲಿ ಸ್ಕೆಚ್ ಪುಸ್ತಕ ಹಿಡಿದು ಕೂತಿರುತ್ತಾರೆ. ನೋಡಲು ಸಂತೋಷವೇ. ಆದರೆ ಅವರು ಇಲ್ಲಿಂದ ಕೊಂಡೊಯ್ಯುವುದೇನು ಎಂದು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಈಚೆಗೆ ನನ್ನ ತಂಗಿಯ ಮಗಳು ಇದೇ ಕೆಲಸಕ್ಕೆ ನಮ್ಮಲ್ಲಿ ಒಂದು ತಿಂಗಳು ಇದ್ದಳು. ಅವಳ ಮೊದಲ ಯೋಜನೆ ಕಾಪುವಿನ ಕಡಲತಡಿಯಲ್ಲೊಂದು ಸಾಂಸ್ಕೃತಿಕ ಪ್ರವಾಸಿ ಕೇಂದ್ರ. ದೀಪಸ್ತಂಭದ ಆಕಾರದ ಗೋಪುರ, ಅಲೆಯ ಆಕಾರದ ಮಾಡು, ಯಕ್ಷಗಾನದ ಕಿರೀಟದಂಥ ಹೆಬ್ಬಾಗಿಲು. ಅವಳ ಸಹಪಾಠಿಗಳ ವಿಷಯಗಳ ಪಟ್ಟಿಯನ್ನೂ ತೋರಿಸಿದಳು. ರೆಸಾರ್ಟ್, ಮ್ಯೂಸಿಯಂ, ಧ್ಯಾನಮಂದಿರ, ಮತ್ತೆ ರೆಸಾರ್ಟ್.

“ಇದರೊಳಗೆ ದಿನಾ ಇರುವವರು ಯಾರು?” ಎಂದು ಕೇಳಿದೆ.

“ಟೂರಿಸ್ಟರು, ದೊಡ್ಡಮ್ಮ.”

“ಬೆಳಿಗ್ಗೆ ಬಂದು ಗುಡಿಸಿ ಒರೆಸುವವಳು ಸೀರೆ ಬದಲಾಯಿಸುವುದೆಲ್ಲಿ? ಬುತ್ತಿ ಬಿಚ್ಚುವುದೆಲ್ಲಿ?”

ಅಷ್ಟು ದೊಡ್ಡ ನಕ್ಷೆಯಲ್ಲಿ ಅವಳಿಗೊಂದು ಮೂಲೆ ಇರಲಿಲ್ಲ.

ಹುಡುಗಿಯನ್ನು ದೂರಿ ಪ್ರಯೋಜನವಿಲ್ಲ. ನೋಡುವುದನ್ನು ಅವಳಿಗೆ ಕಲಿಸಿದ್ದೇ ಹಾಗೆ. ಕಾಪುವಿನ ದೀಪಸ್ತಂಭ 1901ರಲ್ಲಿ ಕಡಲಂಚಿನ ಬಂಡೆಯ ಮೇಲೆ ಎದ್ದದ್ದು. ಸುಮಾರು 27 ಮೀಟರ್ ಎತ್ತರ. ಬೆಳಕು ದೂರದ ದೋಣಿಗೆ ಕಾಣಬೇಕು, ಅದಕ್ಕೆ ಎತ್ತರ. ಕಡಲ ಗಾಳಿ ಬಡಿಯದೆ ಜಾರಿಹೋಗಬೇಕು, ಅದಕ್ಕೆ ದುಂಡಗೆ. ಮಾಡುವ ಕೆಲಸದಿಂದ ಅದಕ್ಕೆ ಆ ರೂಪ ಬಂತು. ಕೆಲಸವನ್ನು ಬಿಟ್ಟು ರೂಪವನ್ನಷ್ಟೇ ಎತ್ತಿ ತಂದು ಕಾಫಿ ಅಂಗಡಿಯ ನೆತ್ತಿಯ ಮೇಲಿಟ್ಟರೆ, ಅದಕ್ಕೂ ಮದುವೆ ಮಂಟಪದ ಥರ್ಮೋಕೋಲ್ ಆನೆಗೂ ಏನು ವ್ಯತ್ಯಾಸ? ನೀವೇ ಹೇಳಿ.

ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೂ ಅವಳ ಜೊತೆ ಹೋದೆ. 2017ರಲ್ಲಿ ತೀರಿಕೊಂಡ ವಿಜಯನಾಥ ಶೆಣೈಯವರು ಕಟ್ಟಿದ ಲೋಕ ಅದು. ಅವರು ಆರ್ಕಿಟೆಕ್ಟರಲ್ಲ, ಬ್ಯಾಂಕಿನಲ್ಲಿ ಕೆಲಸಕ್ಕಿದ್ದವರು. ಭೂಸುಧಾರಣೆಯಾಗಿ, ಕೂಡುಕುಟುಂಬಗಳು ಒಡೆದು, ದೊಡ್ಡ ಮನೆಗಳನ್ನು ಸಾಕಲಾಗದೆ ಜನ ಮರಮುಟ್ಟಿನ ಬೆಲೆಗೆ ಮಾರುತ್ತಿದ್ದ ಕಾಲದಲ್ಲಿ, ಒಂದೊಂದು ಮನೆಯನ್ನೂ ಬಿಚ್ಚಿ ತಂದು ಮತ್ತೆ ಜೋಡಿಸಿದರು. ಕಾರ್ಕಳದ ಹತ್ತಿರದ ಮಿಯಾರಿನ ಮನೆ, ಕುಂಜೂರಿನ ಚೌಕಿಮನೆ ಎಲ್ಲ ಹಾಗೆ ಉಳಿದವು. ಅವರಿಗೆ ನಮ್ಮ ಜಿಲ್ಲೆ ಋಣಿ.

ಆದರೆ ಅಲ್ಲಿ ಮಕ್ಕಳು ಚಿತ್ರ ತೆಗೆಯುವುದು ಯಾವುದನ್ನು? ಕೆತ್ತನೆಯ ಕಂಬ, ಬಾಗಿಲವಾಡ, ಕುಸುರಿಯ ಮುಚ್ಚಿಗೆ. ನಮ್ಮ ಕಡೆಯ ಹಳೆಯ ಮನೆಗಳ ಕೆತ್ತನೆಯೆಲ್ಲ ಚಾವಡಿಯಲ್ಲಿ, ಗಂಡಸರು ಎಲೆಯಡಿಕೆ ಹಾಕುತ್ತ ಕೂರುವಲ್ಲಿ. ನನ್ನ ಅಜ್ಜಿಮನೆಯಲ್ಲೂ ಜಗಲಿಯ ಕಂಬಗಳಿಗೆ ಎಣ್ಣೆ ಉಜ್ಜಿ ಕನ್ನಡಿಯಂತೆ ಇಡುತ್ತಿದ್ದರು. ಅಡುಗೆಮನೆಗೆ ಮಾತ್ರ ಅಂಗೈಯಗಲದ ಒಂದು ಕಿಟಕಿ. ಮಳೆಗಾಲದಲ್ಲಿ ಹಸಿ ಕಟ್ಟಿಗೆಯ ಹೊಗೆ ಹೊರಗೆ ಹೋಗಲಾರದೆ ಅಜ್ಜಿಯ ಕಣ್ಣೊಳಗೇ ಇಳಿಯುತ್ತಿತ್ತು. ಅಡುಗೆಮನೆಯ ಆಚೆಗೆ ಹಿಂಬಾಗಿಲು. ಕೆಲಸದವರು ಬರುವುದು ಅಲ್ಲಿಂದ, ಮುಟ್ಟಾದ ಹೆಂಗಸು ಹೊರಗೆ ಕೂರುವುದು ಅಲ್ಲಿ. ಪರಂಪರೆಯನ್ನು ಅಭ್ಯಾಸ ಮಾಡುವುದಾದರೆ ಈ ಹಿಂಬಾಗಿಲನ್ನೂ ಅಳೆಯಬೇಡವೇ?

ಅಡುಗೆಮನೆಯ ಅಳತೆ ಎಂದಾಗ ಆಸ್ಟ್ರಿಯಾದ ಮಾರ್ಗರೆಟೆ ಶ್ಯೂಟ್ಟೆ-ಲಿಹೊಟ್ಸ್ಕಿ ನೆನಪಾಗುತ್ತಾಳೆ. ಆ ದೇಶದ ಮೊದಲ ಮಹಿಳಾ ಆರ್ಕಿಟೆಕ್ಟರಲ್ಲಿ ಒಬ್ಬಳು. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಕಾರ್ಮಿಕರಿಗಾಗಿ ಮನೆಗಳು ಏಳುತ್ತಿದ್ದಾಗ, 1926ರಲ್ಲಿ, ಹೆಂಗಸಿನ ಒಂದೊಂದು ಹೆಜ್ಜೆಯನ್ನೂ ಲೆಕ್ಕ ಹಾಕಿ ಅಡುಗೆಮನೆಯ ನಕ್ಷೆ ಮಾಡಿದಳು. ಅಂಥ ಸುಮಾರು 10,000 ಅಡುಗೆಮನೆಗಳು ಅಲ್ಲಿ ಆದವು. ಇಂದು ನಮ್ಮ ಊರಿನ ಫ್ಲ್ಯಾಟುಗಳಲ್ಲಿ ‘ಮಾಡ್ಯುಲರ್ ಕಿಚನ್’ ಎಂದು ಮಾರುವುದು ಅದರ ಮೊಮ್ಮಗಳನ್ನೇ. ಸ್ವಾರಸ್ಯವೆಂದರೆ ಅದನ್ನು ಮಾಡುವ ಮುಂಚೆ ತಾನು ಅಡುಗೆ ಮಾಡಿದವಳೇ ಅಲ್ಲ ಎಂದು ಮುಂದೆ ಅವಳೇ ಹೇಳಿದ್ದಳು. ಆ ಅಡುಗೆಮನೆಯಲ್ಲಿ ಒಬ್ಬಳು ಮಾತ್ರ ನಿಲ್ಲಬಹುದು, ಹೆಂಗಸನ್ನು ಒಂಟಿ ಮಾಡಿಬಿಟ್ಟಿತು ಎಂಬ ಟೀಕೆಯೂ ಬಂತು. ಟೀಕೆ ಇರಲಿ, ದಣಿಯುವ ಒಂದು ಮೈಯನ್ನು ಲೆಕ್ಕಕ್ಕೆ ಹಿಡಿದು ಕೆಲಸ ಶುರು ಮಾಡಿದಳಲ್ಲ, ನಮ್ಮ ಮಕ್ಕಳಿಗೆ ಬೇಕಾದ ಪಾಠ ಅದು.

ನಮ್ಮ ಹುಡುಗಿಗೆ ಆ ಪಾಠ ಸಿಕ್ಕಿದ್ದು ಕಾಪುವಿನಲ್ಲಿ. ದೀಪಸ್ತಂಭ ಬರೆಯಲು ಹೋದವಳು ಬಸ್ಸಿಗೆ ಕಾಯುತ್ತ ಮೀನು ಮಾರುವ ಹೆಂಗಸರೊಡನೆ ಮಾತಿಗೆ ಬಿದ್ದಳು. ಮಾರನೆಯ ದಿನವೂ ಹೋದಳು, ವಾರವಿಡೀ ಹೋದಳು. ಅವಳ ಟಿಪ್ಪಣಿ ಪುಸ್ತಕದಲ್ಲಿ ಕಂಬದ ಕೆತ್ತನೆ ನಿಂತು ಬೇರೆ ಸಂಗತಿಗಳು ತುಂಬಿದವು. ಬುಟ್ಟಿ ಇಳಿಸಲು ಇನ್ನೊಬ್ಬರ ಕೈ ಬೇಕು. ನೆಲ ಸಮತಟ್ಟಾಗಿದ್ದರೆ ಮೀನಿನ ನೀರು ಕುಂಡೆಯ ಕೆಳಗೇ ನಿಲ್ಲುತ್ತದೆ. ಮಂಜುಗಡ್ಡೆ ಇಡಲು ನೆರಳಿಲ್ಲದಿದ್ದರೆ ಹನ್ನೊಂದು ಗಂಟೆಗೆ ಸಿಕ್ಕಿದ ಬೆಲೆಗೆ ಬಿಡಬೇಕು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ನಿಷೇಧ, ಆಗ ಒಣಮೀನೇ ಗತಿ. ವರ್ಷಕ್ಕೆ 4,000 ಮಿಲಿಮೀಟರಿನಷ್ಟು ಮಳೆ ಸುರಿಯುವ ಊರಲ್ಲಿ ಒಣಮೀನನ್ನು ಒಣಗಿಯೇ ಇಡುವುದು ಹೇಗೆ? ಕೊನೆಗೊಂದು ಸಾಲು: ‘ಶೌಚಾಲಯ ದೂರ, ಅದಕ್ಕೇ ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ.’

ಅವಳ ಥೀಸಿಸ್ ಮೀನು ಮಾರುಕಟ್ಟೆಯಾಯಿತು.

ಅದಕ್ಕೊಂದು ರೂಪ ಸಿಕ್ಕಿದ್ದು ಕಾರ್ಕಳದಲ್ಲಿ. 1432ರಲ್ಲಿ ನಿಂತ ಗೊಮ್ಮಟನ ಎದುರಿನ ದಿಬ್ಬದಲ್ಲಿ ಚತುರ್ಮುಖ ಬಸದಿ ಇದೆಯಲ್ಲ, 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ್ದು. ಎಲ್ಲರೂ ಅದರ ಕಂಬ ಎಣಿಸುತ್ತಾರೆ. ನಮ್ಮವಳು ಅದರ ಸುತ್ತ ನಾಲ್ಕು ಸಲ ನಡೆದು ಬಂದು, “ದೊಡ್ಡಮ್ಮ, ಇದಕ್ಕೆ ಹಿಂಬಾಗಿಲೇ ಇಲ್ಲ” ಎಂದಳು. ಹೌದು, ನಾಲ್ಕು ದಿಕ್ಕಿಗೂ ಒಂದೇ ಬಗೆಯ ಬಾಗಿಲು. ಸುತ್ತಲೂ ಕಂಬಸಾಲಿನ ಜಗಲಿ, ಮಳೆ ಒಳಬಾರದಂತೆ ಕಲ್ಲಿನ ಮರೆ. ಯಾವ ಕಡೆಯಿಂದ ಬಂದವರಿಗೂ ಅದೇ ಮುಖ. ಹಾಗೆಯೇ ಅವಳ ಮಾರುಕಟ್ಟೆಗೂ ನಾಲ್ಕು ಮುಂಬಾಗಿಲು. ಸುತ್ತ ಎರಡಡಿ ಎತ್ತರದ ಮುರಕಲ್ಲಿನ ಜಗಲಿ, ಅದರ ಮೇಲೆ ಮಾರುವವಳು. ಕೊಳ್ಳುವವರು ಕೆಳಗೆ. ಗಂಡಸರ ಜಗಲಿ ಹೀಗೆ ಮೀನು ಮಾರುವವಳಿಗೆ ಬಂತು. ಇಳಿಜಾರು ನೆಲ, ಹಂಚಿನ ಎತ್ತರದ ಮಾಡು, ನೆತ್ತಿಯಲ್ಲಿ ಗಾಳಿಗಂಡಿ, ಒಣಮೀನಿಗೆ ಅಟ್ಟ, ಹತ್ತು ಹೆಜ್ಜೆಯಲ್ಲಿ ಶೌಚಾಲಯ, ಮಗುವಿಗೆ ಹಾಲೂಡಿಸಲೊಂದು ಮರೆ.

ಬಸದಿಯನ್ನೂ ಮೀನನ್ನೂ ಒಟ್ಟಿಗೆ ಹೇಳಬಹುದೇ ಎಂದು ನಿಮ್ಮಲ್ಲಿ ಕೆಲವರಿಗೆ ಇರಿಸುಮುರುಸಾಗಬಹುದು. ಬಸದಿಯ ನಕಲು ಮಾಡಿ ಅಲ್ಲಿ ಬುಟ್ಟಿ ಇಡಿ ಎಂದು ಯಾರೂ ಹೇಳುತ್ತಿಲ್ಲ. ಎಲ್ಲರನ್ನೂ ಮುಂಬಾಗಿಲಿನಿಂದ ಬರಮಾಡಿಕೊಳ್ಳುವ ವಿಚಾರ ಅಲ್ಲಿದೆ, ಅದನ್ನು ಪಡೆಯುವುದು ಗೌರವವೇ ಹೊರತು ಅವಮಾನವಲ್ಲ.

ಇನ್ನು ಅವಳ ಕಾಲೇಜಿನ ಮಾತು. ನಕ್ಷೆ ನೋಡಿದ ಮಾರ್ಗದರ್ಶಕರು ಕೇಳಿದರಂತೆ: “ಎಲ್ಲ ಸರಿ, ಆದರೆ ಇದರಲ್ಲಿ ಆರ್ಕಿಟೆಕ್ಚರ್ ಎಲ್ಲಿದೆ?”

ನನ್ನ ಮೈ ಉರಿದದ್ದು ಈ ಪ್ರಶ್ನೆಗೆ. ಹೆಂಗಸೊಬ್ಬಳು ಎಂಟು ಗಂಟೆ ಕೂರುವ ಕಟ್ಟೆಯ ಎತ್ತರ ಆರ್ಕಿಟೆಕ್ಚರ್ ಅಲ್ಲ, ಪ್ರವಾಸಿ ಅರ್ಧ ಗಂಟೆ ನಿಂತು ಫೋಟೋ ಹೊಡೆಯುವ ಗೋಪುರ ಆರ್ಕಿಟೆಕ್ಚರ್! ಮೂಗು ಮುಚ್ಚಿಕೊಳ್ಳದೆ ನಿಲ್ಲಬಹುದಾದ ಮಾರುಕಟ್ಟೆಯನ್ನು ಕಲ್ಪಿಸುವುದಕ್ಕೆ ಬೇಕಾದ ಪ್ರತಿಭೆ ಗಾಜಿನ ಮ್ಯೂಸಿಯಂಗೆ ಬೇಕಾದದ್ದಕ್ಕಿಂತ ಕಡಿಮೆಯೇ? ಥೀಸಿಸ್ ಎಂದರೆ ಕನಸು ಕಾಣುವ ಒಂದೇ ಅವಕಾಶ, ಮುಂದೆ ಜೀವನವಿಡೀ ಬಿಲ್ಡರ್ ಹೇಳಿದ್ದನ್ನೇ ಮಾಡಬೇಕು, ಈಗಲಾದರೂ ಮಕ್ಕಳು ಹಾರಲಿ ಎನ್ನುವವರಿದ್ದಾರೆ. ಒಪ್ಪುತ್ತೇನೆ. ಅದಕ್ಕಾಗಿಯೇ ಹೇಳುವುದು, ಒಂದೇ ಒಂದು ಸಲ ಸಿಗುವ ಕನಸಿನಲ್ಲೂ ಬಡ ಹೆಂಗಸಿಗೆ ಜಾಗವಿಲ್ಲದಿದ್ದರೆ ಬಿಲ್ಡರನ ನಕ್ಷೆಯಲ್ಲಿ ಎಲ್ಲಿಂದ ಬರಬೇಕು? ಪ್ರವಾಸೋದ್ಯಮದಿಂದ ಊರಿಗೆ ಹಣ ಬರುತ್ತದೆ, ನಿಜ. ಆದರೆ ಬಂದ ಪ್ರವಾಸಿಗೆ ಹೋಟೆಲಿನ ತಟ್ಟೆಯಲ್ಲಿ ಬಂಗುಡೆ ಸಿಗುವುದು ಈ ಹೆಂಗಸರ ತಲೆಹೊರೆಯಿಂದಲೇ ಅಲ್ಲವೇ?

ಹುಡುಗಿ ವಿಷಯ ಬದಲಿಸಲಿಲ್ಲ. ಪರೀಕ್ಷೆ ಮುಗಿದಿದೆ, ಅವಳು ಪಾಸು, ರ‍್ಯಾಂಕಿನ ಹತ್ತಿರಕ್ಕೂ ಹೋಗಲಿಲ್ಲ. ಮೆಚ್ಚುಗೆ ಗಳಿಸಿದ್ದು ಒಂದು ರೆಸಾರ್ಟ್.

ನಮಗೆ ನಕ್ಷೆ ಓದಲು ಬರುವುದಿಲ್ಲ ಎಂದು ನಾವು ಹೆಂಗಸರು ಇಂಥ ಮಾತಿನಿಂದ ದೂರ ಕೂರುತ್ತೇವೆ. ಮನೆ ಕಟ್ಟಿಸುವಾಗ ಟೈಲ್ಸ್ ಬಣ್ಣ ಆರಿಸಿ ಸುಮ್ಮನಾಗುತ್ತೇವೆ. ಪಂಚಾಯತಿಯಲ್ಲಿ, ಪುರಸಭೆಯಲ್ಲಿ ಈಗ ಹೆಂಗಸರೂ ಕೂತಿದ್ದಾರೆ. ಹೊಸ ಮಾರುಕಟ್ಟೆ, ಹೊಸ ಬಸ್ ನಿಲ್ದಾಣ ಎಂದು ಬಣ್ಣದ ಚಿತ್ರ ಎದುರಿಗೆ ಬಂದಾಗ ಕೇಳಲು ನಮಗೆ ಡಿಗ್ರಿ ಬೇಡ. ಇಲ್ಲಿ ಹೆಂಗಸು ಕೂರುವುದೆಲ್ಲಿ? ಮಳೆನೀರು ಹೋಗುವುದೆಲ್ಲಿಗೆ? ಶೌಚಾಲಯಕ್ಕೆ ಎಷ್ಟು ಹೆಜ್ಜೆ? ನಿಮ್ಮ ಮನೆಯಲ್ಲಿ ಆರ್ಕಿಟೆಕ್ಚರ್ ಓದುವ ಮಗಳೋ ಮಗನೋ ಇದ್ದರೆ ಥೀಸಿಸ್‌ಗೆ ವಿಷಯ ಆರಿಸುವ ಮುಂಚೆ ಒಂದು ಬೆಳಿಗ್ಗೆ ಅವರ ಕೈಗೆ ಚೀಲ ಕೊಟ್ಟು ಮೀನು ತರಲು ಕಳಿಸಿ. ಮೀನು ತಿನ್ನದವರು ತರಕಾರಿ ಸಂತೆಗೆ ಕಳಿಸಬಹುದು. ಅಲ್ಲಿ ಕೂತವಳಿಗೂ ನೆರಳು ಬೇಕಾಗಿದೆ.