ಸಾವಿರ ವಾಟಿನ ಪೆಟ್ಟಿಗೆ, ಹನ್ನೆರಡು ವೋಲ್ಟಿನ ಕಾರು

ಮಧ್ಯಮ ವರ್ಗದವರ ಮನೆಯಂಗಳಕ್ಕೆ ಕಾರು ಬಂದು ಬಹಳ ಕಾಲವಾಯಿತು. ಹೊಸದಲ್ಲದಿದ್ದರೂ ಸರಿ, ಯಾರೋ ಓಡಿಸಿ ಮಾರಿದ ಸಣ್ಣ ಕಾರು. ಅದರ ಬೆನ್ನಿಗೇ ಮಕ್ಕಳ ಬೇಡಿಕೆ: ಹಾಡು ಚೆನ್ನಾಗಿ ಕೇಳಬೇಕು, ಒಂದು ಆಂಪ್ಲಿಫೈಯರ್ ಹಾಕಿಸೋಣ. ಹಿರಿಯರಿಗೂ ಇದರಲ್ಲಿ ಅಂತಹ ವಿರೋಧವೇನಿಲ್ಲ. ತಾಳಮದ್ದಳೆಯ ಧ್ವನಿಮುದ್ರಣ ಕೇಳುತ್ತಾ ಮಂಗಳೂರಿಗೆ ಹೋಗಿ ಬರುವುದು ಯಾರಿಗೆ ಬೇಡ? ತಲಪಾಡಿಯಿಂದ ಚೆಂಗಳದ ತನಕ ಹೆದ್ದಾರಿ ಆರು ಪಥದ್ದಾದ ಮೇಲೆ ವೇಗ ಹೆಚ್ಚಿತು, ಟಯರಿನ ಸದ್ದೂ ಹೆಚ್ಚಿತು. ಕಾರಿನೊಂದಿಗೆ ಬಂದ ಪುಟ್ಟ ಸ್ಪೀಕರಿನ ದನಿ ಆ ಸದ್ದಿನಡಿ ಹೂತುಹೋಗುತ್ತದೆ. ಆದುದರಿಂದ ಬೇಡಿಕೆ ನ್ಯಾಯವಾದುದೇ. ಅನ್ಯಾಯವಿರುವುದು ಅಂಗಡಿಯ ಕಪಾಟಿನಲ್ಲಿ ಕುಳಿತ ಪೆಟ್ಟಿಗೆಯ ಮೇಲಿನ ಅಂಕೆಯಲ್ಲಿ.

ಮೂರು ನಾಲ್ಕು ಸಾವಿರ ರೂಪಾಯಿಯ ಪೆಟ್ಟಿಗೆಯ ಮೇಲೆ 2000 ವಾಟ್, 3000 ವಾಟ್ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಅಂಗಡಿಯಾತ ಮಲಯಾಳದಲ್ಲಿ ವಿವರಿಸುತ್ತಾನೆ, ಒಳಗಿನ ಕಾಗದ ಇಂಗ್ಲಿಷಿನಲ್ಲಿರುತ್ತದೆ. ಎರಡೂ ಪೂರ್ತಿ ತಲೆಗೆ ಹೋಗದ ನಮ್ಮ ಗಿರಾಕಿ ಕೊನೆಗೆ ನಂಬುವುದು ಅಂಕೆಯನ್ನು, ಯಾಕೆಂದರೆ ಅಂಕೆಗೆ ಭಾಷೆಯಿಲ್ಲವಲ್ಲ! ಮೋಸ ನಡೆಯುವುದೂ ಅಲ್ಲಿಯೇ. ಇದೇನೂ ಹೊಸ ವಿದ್ಯೆಯಲ್ಲ. ಗಲ್ಫಿನಿಂದ ಬಂದ ಟೇಪ್‌ ರೆಕಾರ್ಡರುಗಳ ಮೈಮೇಲೆ ‘ಪಿಎಂಪಿಒ’ ಎಂಬ ಚೀಟಿ ಅಂಟಿಸಿರುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಆ ಅಳತೆಗೆ ಯಾವ ಗೊತ್ತಾದ ನಿಯಮವೂ ಇರಲಿಲ್ಲ. ತಯಾರಕ ಮನಸ್ಸಿಗೆ ಬಂದಷ್ಟು ಬರೆಯುತ್ತಿದ್ದ. ಚೀಟಿ ಹೋಯಿತು, ಚಾಳಿ ಉಳಿಯಿತು.

ನಿಜವನ್ನು ಕಂಡುಹಿಡಿಯಲು ಎಂಜಿನಿಯರ್ ಆಗಬೇಕಾಗಿಲ್ಲ. ಹೆಚ್ಚಿನ ಆಂಪ್ಲಿಫೈಯರುಗಳ ಬದಿಯಲ್ಲೇ ಬಣ್ಣದ ಪ್ಲಾಸ್ಟಿಕ್ಕಿನ ಫ್ಯೂಸ್ ಸಿಕ್ಕಿಸಿರುತ್ತಾರೆ, ಅದರ ಮೇಲೆ ಆಂಪಿಯರ್ ಬರೆದಿರುತ್ತದೆ. ಎಂಜಿನ್ ಓಡುತ್ತಿರುವಾಗ ಕಾರಿನ ವಿದ್ಯುತ್ತು ಸುಮಾರು 14 ವೋಲ್ಟ್. ‘3000 ವಾಟಿನ’ ಪೆಟ್ಟಿಗೆಯಲ್ಲಿ 30 ಆಂಪಿಯರಿನ ಎರಡು ಫ್ಯೂಸ್ ಇದೆಯೆನ್ನೋಣ. ಅರುವತ್ತನ್ನು ಹದಿನಾಲ್ಕರಿಂದ ಗುಣಿಸಿದರೆ 840 ವಾಟ್. ಇದು ಆ ಪೆಟ್ಟಿಗೆ ಬ್ಯಾಟರಿಯಿಂದ ಸತತವಾಗಿ ಎಳೆದುಕೊಳ್ಳಬಹುದಾದ ಒಟ್ಟು ಶಕ್ತಿ. ‘ಎಬಿ’ ವರ್ಗದ ಆಂಪ್ಲಿಫೈಯರಾದರೆ ಇದರಲ್ಲಿ ಹೆಚ್ಚು ಕಡಿಮೆ ಅರ್ಧ ಶಾಖವಾಗಿ ಹೋಗುತ್ತದೆ. ಸ್ಪೀಕರಿಗೆ ತಲಪುವುದು 420ರ ಆಸುಪಾಸು. ‘ಡಿ’ ವರ್ಗದ್ದಾದರೆ ಐದರಲ್ಲಿ ನಾಲ್ಕು ಪಾಲು ದಕ್ಕೀತು. ಎರಡರಲ್ಲಿ ಯಾವುದಾದರೂ ಮೂರು ಸಾವಿರ ಎಲ್ಲಿಂದ ಬಂತು? ಒಂದು ಪಾವು ಅಕ್ಕಿ ಹಾಕಿ ಒಂದು ಸೇರು ಅನ್ನ ಬಡಿಸಿದೆನೆಂದರೆ ಅಡುಗೆಯವನನ್ನು ನಂಬಬಹುದು, ಅಕ್ಕಿ ಅರಳುತ್ತದೆ, ವಿದ್ಯುತ್ತು ಅರಳುವುದಿಲ್ಲ. ಈ ಫ್ಯೂಸ್ ಲೆಕ್ಕ ಮೇಲ್ಮಿತಿಯನ್ನು ಮಾತ್ರ ತೋರಿಸುತ್ತದೆಂಬುದೂ ತಿಳಿದಿರಲಿ. ನಿಜವಾದ ಶಕ್ತಿ ಅದಕ್ಕಿಂತ ಕಡಿಮೆಯೂ ಇರಬಹುದು.

ಕೇಳಬೇಕಾದ ಅಳತೆ ‘ಆರ್‌ಎಂಎಸ್ ವಾಟ್’, ಅಂದರೆ ಎಡೆಬಿಡದೆ ಕೊಡಬಲ್ಲ ಶಕ್ತಿ. ಅಮೆರಿಕದಲ್ಲಿ 1974ರಲ್ಲಿಯೇ ಮನೆಬಳಕೆಯ ಆಂಪ್ಲಿಫೈಯರುಗಳ ಜಾಹೀರಾತಿಗೆ ಸರಕಾರ ಇಂತಹ ನಿಯಮ ಹಾಕಿತು. ಕಾರಿನ ಆಂಪ್ಲಿಫೈಯರ್ ಆ ನಿಯಮದಿಂದ ಹೊರಗುಳಿಯಿತು. ಅಲ್ಲಿನ ಉದ್ಯಮಿಗಳ ಸಂಘವೇ 2003ರಲ್ಲಿ ‘ಸಿಇಎ–2006’ ಎಂಬ ಅಳತೆಯನ್ನು ತಂದಿತು (2006 ಎಂಬುದು ಇಸವಿಯಲ್ಲ, ಕ್ರಮಾಂಕ). 14.4 ವೋಲ್ಟ್, 4 ಓಮಿನ ಸ್ಪೀಕರ್, ವಿಕೃತಿ ಶೇಕಡಾ 1ಕ್ಕೆ ಮೀರದಿರುವಾಗ ಎಷ್ಟು ವಾಟ್ ಎಂಬುದನ್ನು ಅದು ಹೇಳುತ್ತದೆ. ಸಂಘದ ಹೆಸರು ಬದಲಾದ ಮೇಲೆ ಅದು ‘ಸಿಟಿಎ–2006’ ಎಂದಾಯಿತು. ಆದರೆ ಅದು ಇಷ್ಟವಿದ್ದವರು ಪಾಲಿಸುವ ಅಳತೆ. ಪೆಟ್ಟಿಗೆಯ ಮೇಲೆ ಆ ಗುರುತಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಒಳಗಿನ ಕಾಗದದಲ್ಲಿ ಆರ್‌ಎಂಎಸ್ ಅಂಕೆಯನ್ನು ಹುಡುಕಬೇಕು. ಅದೂ ಇಲ್ಲವೇ? ಪೆಟ್ಟಿಗೆಯನ್ನು ಕಪಾಟಿಗೇ ಹಿಂತಿರುಗಿಸಬಹುದು.

ಇಷ್ಟಕ್ಕೂ ನಮಗೆ ಬೇಕಾದುದೆಷ್ಟು? ಕಾರಿನ ಮುಂಭಾಗದಲ್ಲಿ ಕುಳಿತ ಸ್ಟೀರಿಯೋದ ಮೇಲೂ ‘50 ವಾಟ್ × 4’ ಎಂದಿರುತ್ತದೆ. 14.4 ವೋಲ್ಟಿನಲ್ಲಿ 4 ಓಮಿನ ಸ್ಪೀಕರಿಗೆ ಅದು ಕೊಡಬಹುದಾದ ಶುದ್ಧ ಶಕ್ತಿ ಲೆಕ್ಕದ ಮೇಲೆಯೇ 26 ವಾಟ್ ದಾಟದು. ಅನುಭವಕ್ಕೆ ಬರುವುದು ಇನ್ನೂ ಕಡಿಮೆ. ಪ್ರತ್ಯೇಕ ಆಂಪ್ಲಿಫೈಯರಿನೊಳಗೆ ವೋಲ್ಟನ್ನು ಏರಿಸಿಕೊಳ್ಳುವ ಏರ್ಪಾಡು ಇರುವುದರಿಂದ ಅದು ಈ ಮಿತಿಯನ್ನು ದಾಟುತ್ತದೆ. ಅದರ ಉಪಯೋಗ ಗೊತ್ತಾಗುವುದು ಚೆಂಡೆಯ ಪೆಟ್ಟಿನಲ್ಲಿ. ಭಾಗವತರ ಪದಕ್ಕೆ ಕೆಲವೇ ವಾಟ್ ಸಾಕು. ಚೆಂಡೆ ಬಿದ್ದ ಆ ಕ್ಷಣಕ್ಕೆ ಮಾತ್ರ ಅದರ ಹತ್ತು ಪಟ್ಟು ಬೇಕಾಗುತ್ತದೆ. ಸ್ಟೀರಿಯೋದಲ್ಲಿ ಅಷ್ಟು ಕಸುವಿಲ್ಲ. ಅಲೆಯ ತುದಿ ಕತ್ತರಿಸಿಹೋಗಿ ಪೆಟ್ಟು ಒಡೆದ ತಗಡಿನಂತೆ ಕೇಳುತ್ತದೆ. ಹಾಗೆ ಕತ್ತರಿಸಿದ ಶಬ್ದವನ್ನೇ ಗಟ್ಟಿಯಾಗಿ ಹಾಕುತ್ತಾ ಹೋದರೆ ಮೊದಲು ಸುಡುವುದು ಸ್ಪೀಕರಿನ ಟ್ವೀಟರ್.

ಹಾಗೆಂದು ವಾಟ್ ಏರಿಸಿದಷ್ಟೂ ದನಿ ಏರುವುದಿಲ್ಲ. ವಾಟ್ ಇಮ್ಮಡಿಯಾದರೆ ದನಿ ಹೆಚ್ಚುವುದು 3 ಡೆಸಿಬಲ್, ಕಿವಿಗೆ ಹೌದೋ ಅಲ್ಲವೋ ಎಂಬಷ್ಟು. ದನಿಯೇ ಇಮ್ಮಡಿ ಎನಿಸಬೇಕಾದರೆ ವಾಟ್ ಸುಮಾರು ಹತ್ತು ಪಟ್ಟಾಗಬೇಕು. ಅದೇ 3 ಡೆಸಿಬಲ್ಲನ್ನು ಹೆಚ್ಚು ಸೂಕ್ಷ್ಮವಾದ ಸ್ಪೀಕರ್ ಪುಕ್ಕಟೆಯಾಗಿ ಕೊಡುತ್ತದೆ. ಒಂದರ ಕಾಗದದಲ್ಲಿ 87, ಇನ್ನೊಂದರಲ್ಲಿ 90 ಡೆಸಿಬಲ್ ಎಂದಿದ್ದರೆ ಎರಡನೆಯದಕ್ಕೆ ಅರ್ಧ ವಾಟೇ ಸಾಕು. ಹಣ ಮಿತವಾಗಿರುವವರು ಮೊದಲು ಮುಂಬಾಗಿಲ ಎರಡು ಸ್ಪೀಕರ್ ಬದಲಾಯಿಸುವುದು ಜಾಣತನ. ಅಷ್ಟರಲ್ಲೇ ಸಮಾಧಾನವಾಗಿ ಆಂಪ್ಲಿಫೈಯರಿನ ಆಸೆ ಬಿಟ್ಟವರೂ ಇದ್ದಾರೆ! ರೇಡಿಯೋ ಕೇಂದ್ರದ ಅಲೆ ಕ್ಷೀಣವಾಗಿ ಬರುತ್ತಿದೆಯೆಂದು ಆಂಪ್ಲಿಫೈಯರ್ ಹಾಕಿಸುವುದಂತೂ ವ್ಯರ್ಥ. ಅದು ಹಾಡಿನೊಂದಿಗೆ ಗೊರಗೊರವನ್ನೂ ದೊಡ್ಡದು ಮಾಡುತ್ತದೆ.

ಆದರೂ ಬೇಕೆನ್ನುವವರಿಗೆ ನಮ್ಮ ಅಭಿಪ್ರಾಯವಿದು. ನಾಲ್ಕು ಚಾನೆಲಿನ, ಚಾನೆಲಿಗೆ 50 ವಾಟ್ ಆರ್‌ಎಂಎಸ್ ಇರುವ ಒಂದೇ ಆಂಪ್ಲಿಫೈಯರ್ ಸಣ್ಣ ಕಾರಿಗೆ ಧಾರಾಳವಾಯಿತು. ಎರಡು ಚಾನೆಲ್ ಮುಂಬಾಗಿಲಿಗೆ; ಉಳಿದ ಎರಡನ್ನು ಜೋಡಿಸಿ ಒಂದು ಸಾಧಾರಣ ಸಬ್‌ವೂಫರಿಗೆ. ಹೀಗೆ ಜೋಡಿಸುವಾಗ ಎಷ್ಟು ಓಮಿನ ಸ್ಪೀಕರನ್ನು ಅದು ತಾಳುತ್ತದೆಂದು ನೋಡಬೇಕು, ಸಾಮಾನ್ಯವಾಗಿ 4ಕ್ಕಿಂತ ಕೆಳಗಿಳಿಯಬಾರದು. 4 ಓಮಿನ ಎರಡನ್ನು ಸಮಾಂತರವಾಗಿ ಕಟ್ಟಿದರೆ 2 ಓಮಾಗುತ್ತದೆ, ಆಂಪ್ಲಿಫೈಯರ್ ಕಾದು ಕೆಂಡವಾಗುತ್ತದೆ. ‘ಡಿ’ ವರ್ಗದ್ದು ಕಡಿಮೆ ಬಿಸಿಯಾಗುವುದರಿಂದಲೂ ಬ್ಯಾಟರಿಗೆ ಹಗುರವಾದುದರಿಂದಲೂ ಹಳೆಯ ಕಾರಿನವರು ಅದನ್ನು ಆರಿಸುವುದು ಮೇಲು. ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್ ಅವರಿನ ಸುತ್ತಮುತ್ತಲಿನದು. ಜಾತ್ರೆಯ ಗದ್ದೆಯಲ್ಲಿ ಎಂಜಿನ್ ನಿಲ್ಲಿಸಿ ಗಂಟೆಗಟ್ಟಲೆ ಹಾಡು ಹಾಕಿದರೆ ಮರಳುವಾಗ ಕಾರು ತಳ್ಳಲು ನಾಲ್ಕು ಮಂದಿ ಬೇಕಾದೀತು.

ಈಗ ಜೀವಕ್ಕೆ ಸಂಬಂಧಿಸಿದ ವಿಚಾರಕ್ಕೆ ಬರೋಣ. ಮನೆಯ 230 ವೋಲ್ಟಿನಲ್ಲಿ 420 ವಾಟಿನ ಉಪಕರಣ ಎಳೆಯುವುದು ಎರಡು ಆಂಪಿಯರಿಗೂ ಕಡಿಮೆ. ಕಾರಿನಲ್ಲಿ ಅಷ್ಟೇ ಶಕ್ತಿಗೆ 30 ಆಂಪಿಯರ್ ಹರಿಯಬೇಕು. ‘ಹನ್ನೆರಡು ವೋಲ್ಟ್ ತಾನೆ, ಮುಟ್ಟಿದರೂ ಶಾಕ್ ಇಲ್ಲ’ ಎಂಬ ಉದಾಸೀನ ಇಲ್ಲಿ ಅಪಾಯಕಾರಿ. ಶಾಕ್ ಹೊಡೆಯದು, ಬೆಂಕಿ ಹಿಡಿಯುತ್ತದೆ. 2023ರ ಫೆಬ್ರವರಿಯಲ್ಲಿ ನೆರೆಯ ಕಣ್ಣೂರಿನಲ್ಲಿ ಗರ್ಭಿಣಿಯನ್ನು ಆಸ್ಪತ್ರೆಗೆ ಒಯ್ಯುತ್ತಿದ್ದ ಕಾರು ಉರಿದು ದಂಪತಿ ಸಜೀವ ದಹನವಾದ ದುರಂತವನ್ನು ಯಾರೂ ಮರೆತಿಲ್ಲ. ಕಾರಣ ಏನೆಂಬ ಬಗ್ಗೆ ಹಲವು ಮಾತು ಕೇಳಿಬಂದುವು. ಕಾರಿಗೆ ಹೊರಗಿನಿಂದ ಸೇರಿಸುವ ವಯರಿಂಗಿನ ವಿಚಾರ ರಾಜ್ಯದಾದ್ಯಂತ ಚರ್ಚೆಗೆ ಬಂದುದು ಆ ಬಳಿಕ. ಚರ್ಚೆ ತಣ್ಣಗಾಯಿತು, ತೆಳು ವಯರು ಮಾರಾಟವಾಗುತ್ತಲೇ ಇದೆ.

30 ಆಂಪಿಯರಿಗೆ ಸುಮಾರು 8 ಚದರ ಮಿಲಿಮೀಟರಿನ, ಅಂದರೆ 8 ಗೇಜಿನ, ತಾಮ್ರದ ವಯರು ಬೇಕು. ಐದು ಮೀಟರ್ ಉದ್ದಕ್ಕೆ ಅದರಲ್ಲಿ ನಷ್ಟವಾಗುವುದು ವೋಲ್ಟಿನ ಮೂರನೆಯ ಒಂದಂಶ. ಮನೆಯ ಪ್ಲಗ್ಗಿಗೆ ಹಾಕುವ ಎರಡೂವರೆ ಚದರ ಮಿಲಿಮೀಟರಿನ ವಯರಾದರೆ ಒಂದು ವೋಲ್ಟೇ ಹೋಗುತ್ತದೆ, ಆ ನಷ್ಟವೆಲ್ಲ ವಯರಿನ ಬಿಸಿ. ಅಗ್ಗದ ವಯರಿನ ಕಟ್ಟುಗಳಲ್ಲಿ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಇರುತ್ತದೆ. ಎಳೆಯೊಂದನ್ನು ಚಾಕುವಿನಿಂದ ಹೆರೆದು ನೋಡಿ. ಒಳಗೆ ಬಿಳಿ ಕಂಡರೆ ಅದು ತಾಮ್ರವಲ್ಲ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಇನ್ನೊಂದು ಫ್ಯೂಸ್ ಇರಲೇಬೇಕು. ಆಂಪ್ಲಿಫೈಯರಿನ ಬದಿಯ ಫ್ಯೂಸ್ ಆಂಪ್ಲಿಫೈಯರನ್ನು ಕಾಯುತ್ತದೆ, ಇದು ವಯರನ್ನು ಕಾಯುತ್ತದೆ. ಎಂಜಿನಿನ ತಗಡಿನ ರಂಧ್ರದಲ್ಲಿ ವಯರು ಉಜ್ಜಿ ಹರಿದರೆ ಬೆಂಕಿಗೂ ಕುಟುಂಬಕ್ಕೂ ನಡುವೆ ಇರುವುದು ಈ ಫ್ಯೂಸ್ ಒಂದೇ. ಆ ರಂಧ್ರಕ್ಕೆ ರಬ್ಬರಿನ ಬಳೆ ಹಾಕದೆ ವಯರು ತೂರಿಸುವ ಕೆಲಸಗಾರನ ಕೈಗೆ ಕಾರು ಕೊಡಬಾರದು.

ನಮ್ಮ ಕರಾವಳಿಗೆಂದೇ ಇನ್ನೊಂದು ಮಾತು. ಅರ್ತಿಂಗಿನ ವಯರನ್ನು ಬಣ್ಣ ಕೆರೆದ ಬರಿ ತಗಡಿಗೆ ಬಿಗಿಯಬೇಕು, ಆದರೆ ಉಪ್ಪುಗಾಳಿಯಲ್ಲಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಜಾಗ ತುಕ್ಕು ಹಿಡಿಯುತ್ತದೆ. ಬಿಗಿದ ಮೇಲೆ ಗ್ರೀಸ್ ಸವರಿ ವರ್ಷಕ್ಕೊಮ್ಮೆ ನೋಡುವುದು ಒಳ್ಳೆಯದು. ಆಷಾಢದಲ್ಲಿ ಒದ್ದೆ ಚಪ್ಪಲಿಯ ನೀರು ಸೀಟಿನಡಿಗೆ ಹರಿಯುತ್ತದೆ. ಆಂಪ್ಲಿಫೈಯರನ್ನು ಅಲ್ಲಿ ನೆಲಕ್ಕೇ ತಾಗಿಸಿ ಇಡುವುದು ಬೇಡ.

ಗಟ್ಟಿ ಶಬ್ದಕ್ಕೆ ಕಾನೂನಿನ ಮಿತಿಯೂ ಇದೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್. 2022ರ ಅಕ್ಟೋಬರಿನಲ್ಲಿ ವಡಕ್ಕಂಚೇರಿಯಲ್ಲಿ ಶಾಲಾ ಪ್ರವಾಸದ ಬಸ್ಸು ಅಪಘಾತಕ್ಕೀಡಾಗಿ 9 ಮಂದಿ ಸತ್ತ ಮೇಲೆ ಪ್ರವಾಸಿ ಬಸ್ಸುಗಳ ಅಬ್ಬರದ ಧ್ವನಿವ್ಯವಸ್ಥೆಯ ಮೇಲೆ ಅಧಿಕಾರಿಗಳ ಕಣ್ಣು ಬಿತ್ತು.

ಕೊಳ್ಳುವಾಗ ಬಿಲ್ಲಿನಲ್ಲಿ ಮಾದರಿಯ ಹೆಸರಿನೊಂದಿಗೆ ಆರ್‌ಎಂಎಸ್ ವಾಟನ್ನೂ ಬರೆಸಿಕೊಳ್ಳಬೇಕು. ಬರೆಯಲು ಅಂಗಡಿಯಾತ ಹಿಂಜರಿದರೆ ಅದೇ ಉತ್ತರ. 2019ರ ಗ್ರಾಹಕ ರಕ್ಷಣಾ ಕಾಯಿದೆ ಸುಳ್ಳು ವಿವರಣೆಯನ್ನು ಅನುಚಿತ ವ್ಯಾಪಾರವೆಂದೇ ಗಣಿಸುತ್ತದೆ; 5 ಲಕ್ಷ ರೂಪಾಯಿಯ ತನಕದ ವ್ಯವಹಾರಕ್ಕೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲ. ಆದರೆ ಬಿಲ್ಲೇ ಇಲ್ಲದೆ ಐನೂರು ರೂಪಾಯಿ ಉಳಿಸಿದವರು ಅಲ್ಲಿಗೆ ಯಾವ ಕಾಗದ ಹಿಡಿದು ಹೋಗುವುದು?