ಮೀನು ಸತ್ತದ್ದು ಮನೆಯ ಕಂಟಕದಿಂದಲ್ಲ

ಗಾಜಿನ ತೊಟ್ಟಿಯ ಮೀನು ಸತ್ತರೆ, ಮನೆಯವರಿಗೆ ಬರಲಿದ್ದ ಕಂಟಕವೊಂದನ್ನು ಅದು ಹೊತ್ತುಕೊಂಡು ಹೋಯಿತೆಂದು ಸಮಾಧಾನಪಡುವ ಪರಿಪಾಠ ಮಲೆನಾಡಿನ ಮನೆಗಳಿಗೂ ಬಂದಿದೆ. ಪೇಟೆಯ ವಾಸ್ತುವಿನ ಬೆನ್ನಿಗೆ ಬಂದ ಈ ನಂಬಿಕೆಯಿಂದ ನಿಜವಾಗಿ ಲಾಭವಾಗುವುದು ಮೀನಿನ ಅಂಗಡಿಗೆ ಮಾತ್ರ. ಸತ್ತ ಮೀನಿನ ಲೆಕ್ಕ ಕೇಳುವವರಿಲ್ಲ. ಮೇಲಾಗಿ ಇನ್ನೆರಡು ಮೀನು ಮಾರಾಟವಾಗುತ್ತವೆ. ವಾಸ್ತುವನ್ನು ನಂಬದ ಶಾಲೆ ಕಾಲೇಜುಗಳಲ್ಲಿ ಅದೇ ಸಾವಿಗೆ ‘ಏನೋ ರೋಗ’ ಎಂದು ಹೆಸರು. ಕಾರಣ ಹುಡುಕುವ ಶ್ರಮದಿಂದ ತಪ್ಪಿಸಿಕೊಳ್ಳುವುದರಲ್ಲಿ ಎರಡೂ ಒಂದೇ.

ಸೊಳ್ಳೆಮರಿಗಳನ್ನು ತಿನ್ನಲೆಂದು ಹಿಂದಿನವರು ಬಾವಿಗೆ ಬಿಟ್ಟ ಮೀನುಗಳು ಯಾರ ಆರೈಕೆಯೂ ಇಲ್ಲದೆ ವರ್ಷಗಟ್ಟಲೆ ಬದುಕುತ್ತಿದ್ದವು. ಸಾವಿರಾರು ರೂಪಾಯಿಯ ತೊಟ್ಟಿಯಲ್ಲಿ, ಬಣ್ಣದ ದೀಪದಡಿ, ಹೊತ್ತುಹೊತ್ತಿಗೆ ಆಹಾರ ಸಿಕ್ಕಿಯೂ ಅವೇಕೆ ಒಂದು ವಾರ ಬಾಳುವುದಿಲ್ಲ? ಮೀನು ತನ್ನ ದೇಹದ ಸಾರಜನಕದ ಕಸವನ್ನು ಬಹುಪಾಲು ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ನೀರಿಗೇ ಬಿಡುತ್ತದೆ. ಹಳ್ಳದಲ್ಲಿ ಅದು ಹರಿದುಹೋಗುತ್ತದೆ. ಬಾವಿಯಲ್ಲಿ ನೀರು ವಿಪುಲ, ಮೀನು ಕಡಿಮೆ. ಕಲ್ಲಿನ ಮೈಗೆ ಅಂಟಿದ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಗದ್ದೆಯ ಮಣ್ಣಿಗೆ ಹಾಕಿದ ಗೊಬ್ಬರದಲ್ಲಿ ನಡೆಯುವುದೂ ಇದೇ ಕ್ರಿಯೆ. ಹೊಸ ಗಾಜಿನ ತೊಟ್ಟಿಯಲ್ಲಿ ಈ ಜೀವಿಗಳು ಇರುವುದೇ ಇಲ್ಲವೆನ್ನಬೇಕು. ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ತೊಟ್ಟಿಯನ್ನೂ ಮೀನನ್ನೂ ಒಂದೇ ದಿನ ಮಾರುವ ಅಂಗಡಿಯವನು ಮೀನಿನ ಸಾವನ್ನೂ ಅದೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಡುತ್ತಾನೆ. ಇದು ಅವನಿಗೆ ತಿಳಿಯದ ಸಂಗತಿಯೇನಲ್ಲ.

ನೀರು ತಿಳಿಯಾಗಿದ್ದರೆ ಶುದ್ಧವೆಂಬ ಭ್ರಮೆ ಬೇರೆ. ಅಮೋನಿಯಾ ಕಣ್ಣಿಗೆ ಕಾಣುವುದಿಲ್ಲ. 25 ಡಿಗ್ರಿ ಉಷ್ಣತೆಯಲ್ಲಿ ನೀರಿನ ರಸಸಾರ 7 ಇದ್ದರೆ ಅಮೋನಿಯಾದಲ್ಲಿ ವಿಷರೂಪದ ಪಾಲು ಶೇಕಡಾ 1ಕ್ಕಿಂತ ಕಡಿಮೆ. ರಸಸಾರ 8ಕ್ಕೇರಿದರೆ ಅದು ಶೇಕಡಾ 5ನ್ನು ದಾಟುತ್ತದೆ. ಹಳ್ಳದ ಮೆದುನೀರಿನಲ್ಲಿ ತಡೆದುಕೊಂಡ ಮೀನು ಕ್ಷಾರೀಯ ಕೊಳವೆಬಾವಿ ನೀರಿನಲ್ಲಿ ಸಾಯಲು ಇದೂ ಒಂದು ಕಾರಣ. ಇನ್ನು, ಭಾನುವಾರ ಬಂತೆಂದರೆ ತೊಟ್ಟಿಯ ನೀರೆಲ್ಲ ಚೆಲ್ಲಿ, ಹರಳುಗಳನ್ನು ನಲ್ಲಿಯಡಿ ತಿಕ್ಕಿ ತೊಳೆಯುವ ಗೃಹಸ್ಥರು ಮೀನನ್ನು ಕಾಯುತ್ತಿದ್ದ ಜೀವಿಗಳನ್ನೇ ಕೈಯಾರೆ ಕೊಲ್ಲುತ್ತಾರೆ. ವಾರಕ್ಕೆ ಕಾಲುಭಾಗ ನೀರು ಬದಲಿಸಿದರೆ ಸಾಕಾಗಿತ್ತು.

ಸಾವಿನ ಹೊತ್ತೇ ಬಹುಮಟ್ಟಿಗೆ ಸಾಕ್ಷಿ ನುಡಿಯುತ್ತದೆ. ಬಿಟ್ಟ ಒಂದೆರಡು ಗಂಟೆಯಲ್ಲೇ ಎಲ್ಲ ಮೀನುಗಳೂ ಒದ್ದಾಡಿ ಸತ್ತರೆ ಮೊದಲ ಸಂಶಯ ವಿಷದ ಮೇಲೆ ಅಥವಾ ಉಷ್ಣತೆಯ ಏರುಪೇರಿನ ಮೇಲೆ. ಮೊದಲ ವಾರದಲ್ಲಿ ಮಂಕಾಗಿ ತಳ ಸೇರಿದರೆ ಅಮೋನಿಯಾ. ಮೂರನೆಯ ವಾರದ ಸುಮಾರಿಗೆ ಏದುಸಿರು ಬಿಟ್ಟು, ಕಿವಿರು ಕಂದುಬಣ್ಣಕ್ಕೆ ತಿರುಗಿದ್ದರೆ ನೈಟ್ರೈಟ್. ಅದು ರಕ್ತವು ಆಮ್ಲಜನಕ ಒಯ್ಯದಂತೆ ಮಾಡುತ್ತದೆ. ನಸುಕಿನಲ್ಲಿ ಮೀನುಗಳು ನೀರ ಮೇಲೆ ಬಾಯಿ ತೆರೆದು ನಿಂತಿದ್ದು, ದೊಡ್ಡವು ಮೊದಲು ಸತ್ತರೆ ಆಮ್ಲಜನಕದ ಕೊರತೆ. ಮಳೆಗಾಲದಲ್ಲಿ ಮೂರು ದಿನ ಕರೆಂಟು ಹೋಗುವ ಊರುಗಳಲ್ಲಿ ಗಾಳಿಯ ಪಂಪನ್ನೇ ನಂಬಿ ಇಪ್ಪತ್ತು ಮೀನು ತುಂಬಿದವರು ಯಾವ ರೋಗವನ್ನೂ ದೂರಬೇಕಾಗಿಲ್ಲ. ರೋಗದ ಸಾವು ಸಾಮಾನ್ಯವಾಗಿ ಒಂದೊಂದಾಗಿ, ಮೈಮೇಲೆ ಗುರುತು ತೋರಿಸಿ ಬರುತ್ತದೆ.

ವಿಷವೆಂದರೆ ಯಾರೋ ಶತ್ರು ಹಾಕಿದ್ದೆಂದು ಅರ್ಥವಲ್ಲ. ಪಂಚಾಯಿತಿಯ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿದ ದಿನ ನಲ್ಲಿಯ ನೀರು ತುಂಬಿಸಿದರೆ ಅದರ ಕ್ಲೋರಿನ್ ಕಿವಿರುಗಳನ್ನು ಸುಡುತ್ತದೆ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಬಹಳಷ್ಟು ಆರಿಹೋಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸಿದ ಬಕೆಟ್ಟಿನಲ್ಲೇ ಮೀನಿಗೆ ನೀರು ತರುವವರಿದ್ದಾರೆ. ಮೈಲುತುತ್ತದ ತಾಮ್ರ ಸುಣ್ಣದಂಶವಿಲ್ಲದ ಮಲೆನಾಡಿನ ಮೆದುನೀರಿನಲ್ಲಿ ಇನ್ನಷ್ಟು ಮಾರಕ. ಸೊಳ್ಳೆಬತ್ತಿ ಮತ್ತು ಸೊಳ್ಳೆ ಓಡಿಸುವ ದ್ರವಗಳಲ್ಲಿರುವ ಪೈರೆಥ್ರಾಯ್ಡ್ ಮನುಷ್ಯನಿಗಿಂತ ಮೀನಿಗೆ ಎಷ್ಟೋ ಪಾಲು ಹೆಚ್ಚು ವಿಷ. ಮುಚ್ಚಿದ ಕೋಣೆಯ ಆ ಗಾಳಿಯನ್ನು ಪಂಪು ರಾತ್ರಿಯಿಡೀ ನೀರಿಗೆ ಊದುತ್ತಿರುತ್ತದೆ.

ಈ ವ್ಯಾಪಾರಕ್ಕೆ ಸರಕು ಎಲ್ಲಿಂದ ಬರುತ್ತದೆಂದೂ ಕೇಳಬೇಕು. ಗಪ್ಪಿ, ಗೋಲ್ಡ್‌ಫಿಶ್‌ಗಳು ಸಾಕಣೆಯವು, ನಿಜ. ಆದರೆ ‘ಮಿಸ್ ಕೇರಳ’ ಎಂಬ ಹೆಸರಿನಲ್ಲಿ ಮಾರಾಟವಾಗುವ ಕೆಂಪುಗೆರೆಯ ಮೀನು ಕೇರಳ ಮತ್ತು ದಕ್ಷಿಣ ಕರ್ನಾಟಕದ ಘಟ್ಟದ ಹೊಳೆಗಳದ್ದು. ಸಿ. ಆರ್. ನಾರಾಯಣ ರಾವ್ 1920ರಲ್ಲಿ ತುಂಗಾ ನದಿಯಿಂದ ಗುರುತಿಸಿ ವಿವರಿಸಿದ ಪಟ್ಟೆಮೀನು ಬೋಟಿಯಾ ಸ್ಟ್ರಯಾಟಾ ಕೂಡ ಇಂದು ಅಲಂಕಾರದ ಸರಕು. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ 2005ರಿಂದ 2012ರವರೆಗೆ ಅಪಾಯಕ್ಕೊಳಗಾದ 30 ಜಾತಿಗಳ 15 ಲಕ್ಷಕ್ಕೂ ಹೆಚ್ಚು ಸಿಹಿನೀರಿನ ಮೀನುಗಳು ಭಾರತದಿಂದ ರಫ್ತಾದವು. ಹರಿಯುವ ತಂಪುನೀರಿಗೆ ಒಗ್ಗಿದ ಈ ಮೀನುಗಳೇ ಗಾಜಿನ ಬುರುಡೆಯ ನಿಂತ ನೀರಿಗೆ ಎಲ್ಲಕ್ಕಿಂತ ಅಯೋಗ್ಯ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟರೆ, 30 ಡಿಗ್ರಿಯದು ಏಳೂವರೆಯನ್ನಷ್ಟೇ ಹಿಡಿಯಬಲ್ಲದು. ಹೊಳೆಗೆ ಜಾತಿಯೊಂದರ ನಷ್ಟ, ಕೊಂಡವನಿಗೆ ಹತ್ತು ದಿನದ ಚೆಂದ.

ಸಾಕಿ ಸಾಕಾದವರು ಉಳಿದ ವಿದೇಶಿ ಮೀನುಗಳನ್ನು ‘ಪುಣ್ಯ ಬರಲಿ’ ಎಂದು ಹಳ್ಳಕ್ಕೆ ಬಿಡುವುದು ಇನ್ನೊಂದು ಅನಾಹುತ. ದಕ್ಷಿಣ ಅಮೆರಿಕದ ಸಕ್ಕರ್ ಮೀನು ಭಾರತದ ಜಲಮೂಲಗಳಲ್ಲಿ ನೆಲೆಯೂರಿದ್ದು ಇಂಥ ಪುಣ್ಯದಿಂದಲೇ.

ಹಾಗಾದರೆ ಮಕ್ಕಳಿಗೆ ಮೀನು ತೋರಿಸುವುದು ಬೇಡವೇ ಎಂದು ಅಧ್ಯಾಪಕರು ಕೇಳಬಹುದು. ಧಾರಾಳವಾಗಿ ತೋರಿಸಲಿ, ಮೊದಲು ಹಳ್ಳದ ದಂಡೆಯಲ್ಲಿ. ತೊಟ್ಟಿಯೇ ಬೇಕೆಂದಿದ್ದರೆ ಮೊದಲ ತಿಂಗಳು ಅದರಲ್ಲಿ ಮೀನು ಬೇಡ. ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಕೊಳೆಯಲು ಬಿಟ್ಟು, ವಿದ್ಯಾರ್ಥಿಗಳೇ ಪರೀಕ್ಷಾ ಕಿಟ್ಟಿನಿಂದ ಅಮೋನಿಯಾ, ನೈಟ್ರೈಟ್ ಅಳೆದು ಗೋಡೆಯ ಮೇಲೆ ಬರೆಯಲಿ. ಮೊದಲಿನದು ಏರಿ ಇಳಿಯುತ್ತದೆ, ಎರಡನೆಯದು ಅದರ ಹಿಂದೆ ಏರಿ ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದ ಮೇಲೆ ಅಂಗಡಿಗೆ ಹೋಗಿ, ಈ ಮೀನು ಸಾಕಣೆಯದೋ ಹೊಳೆಯಿಂದ ಹಿಡಿದದ್ದೋ ಎಂದು ಕೇಳಲಿ. ಉತ್ತರ ಕೊಡದ ಅಂಗಡಿಯಿಂದ ಬರಿಗೈಯಲ್ಲಿ ಮರಳಲಿ.