ಟವರ್ ಹತ್ತುವ ಹುಡುಗನ ಕೈಗೇ ಡ್ರೋನ್ ರಿಮೋಟ್ ಕೊಡಿ

ಹರಿಹರದಿಂದ ದಾವಣಗೆರೆಗೆ ಬಸ್ಸಿನಲ್ಲಿ ಹೋಗುವಾಗ ಒಮ್ಮೆ ಮೊಬೈಲ್ ಬಿಟ್ಟು ಕಿಟಕಿಯಾಚೆ ನೋಡಿ. ಭದ್ರಾ ನಾಲೆ ನೀರಿನ ಭತ್ತದ ಗದ್ದೆಗಳ ನಡುವೆ ಹೈಟೆನ್ಷನ್ ಲೈನಿನ ಉಕ್ಕಿನ ಗೋಪುರಗಳು. ಅದರಾಚೆ ಊರಿಗೊಂದು, ಎರಡು ಮೊಬೈಲ್ ಟವರ್. ಹರಿಹರದ ಪಕ್ಕದ ಗುತ್ತೂರಿನಲ್ಲಿ 400 ಕೆ.ವಿ. ವಿದ್ಯುತ್ ಸ್ಟೇಷನ್ ಇರುವುದರಿಂದ ನಮ್ಮ ಭಾಗದಲ್ಲಿ ಲೈನುಗಳಿಗೆ ಬರವಿಲ್ಲ.

ಇವನ್ನೆಲ್ಲ ಯಾರಾದರೂ ಹತ್ತಿ ನೋಡಲೇಬೇಕಲ್ಲ? ನೋಡುತ್ತಾರೆ. ನಮ್ಮ ಹಳ್ಳಿಗಳ ಐಟಿಐ ಓದಿದ ಹುಡುಗರೇ ನೋಡುತ್ತಾರೆ, ಗುತ್ತಿಗೆ ಲೆಕ್ಕದಲ್ಲಿ. ನೆಲದ ಮೇಲೆ ನಿಂತ ಮೊಬೈಲ್ ಟವರ್ ಸಾಮಾನ್ಯವಾಗಿ 40ರಿಂದ 60 ಮೀಟರ್ ಎತ್ತರ. ಹದಿನೈದು ಮಹಡಿ ಮನೆಯ ತಾರಸಿಗೆ ಕಬ್ಬಿಣದ ಏಣಿಯಲ್ಲಿ ಹೋದ ಹಾಗೆ. ಆಷಾಢದ ಗಾಳಿಯಲ್ಲಿ, ಸೊಂಟದ ಬೆಲ್ಟ್ ನಂಬಿಕೊಂಡು ಹತ್ತಿ, ಒಂದು ನಟ್ಟು ತುಕ್ಕು ಹಿಡಿದಿದೆಯೋ ಇಲ್ಲವೋ ಅಂತ ಫೋಟೋ ತೆಗೆದು ಇಳಿಯಬೇಕು. ಬರೀ ಫೋಟೋಕ್ಕಾಗಿ!

ಈ ಕೆಲಸವನ್ನು ಈಗ ಡ್ರೋನ್ ಮಾಡುತ್ತದೆ. ಒಳ್ಳೆಯ ಜೂಮ್ ಕ್ಯಾಮೆರಾ ಇದ್ದರೆ ದೂರದಲ್ಲೇ ನಿಂತು ಸಡಿಲ ಬೋಲ್ಟು, ಸೀಳಿದ ಇನ್ಸುಲೇಟರ್, ವಾಲಿದ ಆಂಟೆನಾ ಎಲ್ಲವನ್ನೂ ತೋರಿಸುತ್ತದೆ. ಶಾಖ ಗುರುತಿಸುವ ಥರ್ಮಲ್ ಕ್ಯಾಮೆರಾ ಇದ್ದರೆ ಕರೆಂಟ್ ಲೈನಿನ ಯಾವ ಜಾಯಿಂಟ್ ಬಿಸಿಯಾಗುತ್ತಿದೆ ಅನ್ನುವುದೂ ಸಿಗುತ್ತದೆ. ಅದು ಹತ್ತಿದವನ ಕಣ್ಣಿಗೂ ಕಾಣದ್ದು. ಆದರೆ ಡ್ರೋನ್ ಬೋಲ್ಟು ಬಿಗಿ ಮಾಡುವುದಿಲ್ಲ. ರಿಪೇರಿಗೆ ಮನುಷ್ಯನೇ ಹತ್ತಬೇಕು. ಸುಮ್ಮನೆ ನೋಡಿ ಬರಲಿಕ್ಕೆ ಹತ್ತುವುದು ಮಾತ್ರ ತಪ್ಪುತ್ತದೆ. ಹಾಗಾಗಿ ಡ್ರೋನ್ ಬಂದರೆ ಹುಡುಗರ ಅನ್ನ ಹೋಯಿತು ಎನ್ನುವ ಮಾತನ್ನು ನಾವು ಅರ್ಧ ಮಾತ್ರ ಒಪ್ಪುತ್ತೇವೆ. ಅನ್ನ ಹೋಗುವುದು ರಿಮೋಟ್ ಬೆಂಗಳೂರಿನಿಂದ ಬಂದವರ ಕೈಗೆ ಹೋದಾಗ.

ಮದುವೆ ಶೂಟಿಂಗ್ ಮಾಡುವ ಡ್ರೋನ್ ತಂದು ಟವರ್ ತೋರಿಸುತ್ತೇವೆ ಎನ್ನುವವರೂ ಇದ್ದಾರೆ. ಕಲ್ಯಾಣ ಮಂಟಪದ ಮೇಲೆ ಹಾರಿಸುವುದೇ ಬೇರೆ, ಉಕ್ಕಿನ ಗೋಪುರದ ಪಕ್ಕ ಹಾರಿಸುವುದೇ ಬೇರೆ. ಮದುವೆ ಡ್ರೋನಿನ ಕ್ಯಾಮೆರಾ ಅಗಲಕ್ಕೆ ನೋಡುವಂಥದ್ದು, ಬೋಲ್ಟು ಕಾಣಬೇಕಾದರೆ ತೀರಾ ಹತ್ತಿರ ಹೋಗಬೇಕು. ಹತ್ತಿರ ಹೋದರೆ ಕಬ್ಬಿಣಕ್ಕೆ ಅದರ ದಿಕ್ಸೂಚಿ ತಲೆಕೆಡಿಸಿಕೊಳ್ಳುತ್ತದೆ. ಅಡೆತಡೆ ಗುರುತಿಸುವ ಸೆನ್ಸರ್ ಗೋಡೆಯನ್ನು ಕಾಣುತ್ತದೆ, ತೆಳು ತಂತಿಯನ್ನು ಎಷ್ಟೋ ಸಲ ಕಾಣುವುದಿಲ್ಲ. ಅರ್ಧ ಗಂಟೆ ಅಂತ ಡಬ್ಬಿ ಮೇಲೆ ಬರೆದ ಬ್ಯಾಟರಿ ಗಾಳಿಯಲ್ಲಿ ಅಷ್ಟು ಹೊತ್ತು ಬಾಳುವುದಿಲ್ಲ. ಮೇಲೆ ಹದ್ದು ಗೂಡು ಕಟ್ಟಿದ್ದರಂತೂ ಅವತ್ತಿನ ಕೆಲಸ ಬಿಟ್ಟು ಬರುವುದೇ ಜಾಣತನ. ಆದ್ದರಿಂದ ಕೊಳ್ಳುವವರು ಬೆಲೆಗಿಂತ ಮೊದಲು ಜೂಮ್ ಎಷ್ಟು, ಎಷ್ಟು ಗಾಳಿ ತಡೆಯುತ್ತದೆ, ಬಿಡಿಭಾಗ ಎಲ್ಲಿ ಸಿಗುತ್ತದೆ ಅಂತ ಕೇಳಲಿ. ಹೊರದೇಶದ ಸಿದ್ಧ ಡ್ರೋನ್ ಆಮದನ್ನು 2022ರ ಫೆಬ್ರವರಿಯಲ್ಲೇ ಕೇಂದ್ರ ನಿಲ್ಲಿಸಿದೆ. ಬಿಲ್ಲಿಲ್ಲದ ಅಗ್ಗದ ಮಾಲಿಗೆ ಮರುಳಾಗಬೇಡಿ.

ಕಾನೂನು ಕಷ್ಟದ್ದೇನಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೀರಿದ ಡ್ರೋನನ್ನು ದುಡ್ಡಿಗಾಗಿ ಹಾರಿಸುವವರಿಗೆ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು. 18 ತುಂಬಿರಬೇಕು, 65 ಮೀರಿರಬಾರದು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಮಾನ್ಯತೆ ಇರುವ ಸಂಸ್ಥೆಯಲ್ಲಿ ತರಬೇತಿ ಮುಗಿಸಿರಬೇಕು. ಒಮ್ಮೆ ಸಿಕ್ಕರೆ 10 ವರ್ಷ ನಡೆಯುತ್ತದೆ. ಡ್ರೋನಿಗೆ ನೋಂದಣಿ ನಂಬರ್, ವಿಮೆ ಬೇಕು. ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಿಸಬಹುದು, ಟವರಿಗೆ ಅಷ್ಟು ಧಾರಾಳ ಸಾಕು. ಆದರೆ ನಕ್ಷೆಯಲ್ಲಿ ವಲಯ ಬದಲಾಗುತ್ತಿರುತ್ತದೆ, ಹಾರಿಸುವ ದಿನವೇ ನೋಡಿಕೊಳ್ಳಬೇಕು. ತಪ್ಪಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಇನ್ನೊಂದು ಮಾತು: ಹರಿಹರದ ಸೇತುವೆ ದಾಟಿ ಕುಮಾರಪಟ್ಟಣಕ್ಕೆ ಹೋದರೆ ಜಿಲ್ಲೆಯೇ ಹಾವೇರಿ. ಹೊಳೆಯ ಈಚೆ ಪೊಲೀಸರಿಗೆ ತಿಳಿಸಿದ್ದು ಆಚೆಯವರಿಗೆ ಗೊತ್ತಿರುವುದಿಲ್ಲ.

ಎಸ್ಸೆಸ್ಸೆಲ್ಸಿ ಪಾಸಾದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ತೊಡಕು ಫೀಸಿನದು. ತರಬೇತಿಗೆ ಹತ್ತಾರು ಸಾವಿರ ರೂಪಾಯಿ, ಕೆಲಸಕ್ಕೆ ಯೋಗ್ಯವಾದ ಡ್ರೋನಿಗೆ ಲಕ್ಷಗಳು. ಹೊಲಕ್ಕೆ ಔಷಧ ಹೊಡೆಯುವ ಡ್ರೋನಿಗೆ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಮಹಿಳಾ ಸಂಘಗಳಿಗೆ ಬೆಲೆಯ ಶೇ. 80, ಗರಿಷ್ಠ 8 ಲಕ್ಷ ರೂಪಾಯಿ ನೆರವಿದೆ. ಒಳ್ಳೆಯದೇ. ಜೀವ ಪಣಕ್ಕಿಟ್ಟು ಟವರ್ ಹತ್ತುವವರಿಗೆ ಕನಿಷ್ಠ ತರಬೇತಿಯ ಖರ್ಚನ್ನಾದರೂ ಯಾರು ಕೊಡಬೇಕು? ಟವರ್ ಕಂಪನಿಗಳೇ ಕೊಡಬೇಕು ಎನ್ನುತ್ತೇವೆ ನಾವು. ಲೈನು ಸರ್ಕಾರದ್ದಾದರೆ ಟೆಂಡರಿನಲ್ಲೇ ಒಂದು ಷರತ್ತು ಬರೆಯಲಿ: ಈಗಾಗಲೇ ಹತ್ತುತ್ತಿರುವವರಲ್ಲಿ ಇಷ್ಟು ಜನರಿಗೆ ಗುತ್ತಿಗೆದಾರ ಪೈಲಟ್ ತರಬೇತಿ ಕೊಡಿಸಿರಬೇಕು. ಯಾವ ಬೋಲ್ಟು ಮೊದಲು ಸಡಿಲವಾಗುತ್ತದೆ ಅನ್ನುವುದು ಹತ್ತಿದವನಿಗೆ ಗೊತ್ತು. ಎಲ್ಲಿಗೆ ಕ್ಯಾಮೆರಾ ತಿರುಗಿಸಬೇಕು ಅನ್ನುವುದೂ ಅವನಿಗೇ ಗೊತ್ತು.

ಊರಿನವರ ಪಾಲಿನದೂ ಒಂದಿದೆ. ಟವರ್ ಇರುವುದು ಹಿತ್ತಲ ಪಕ್ಕ, ಬಚ್ಚಲ ಪಕ್ಕ, ಹೆಣ್ಣುಮಕ್ಕಳು ಬಟ್ಟೆ ಒಗೆಯುವ ಜಾಗದ ಪಕ್ಕ. ಹೇಳದೆ ಕೇಳದೆ ತಲೆಮೇಲೆ ಕ್ಯಾಮೆರಾ ಗುಂಯ್‌ಗುಟ್ಟಿದರೆ ಜನ ಕಲ್ಲು ತೂರುವುದು ಸಹಜ. ಹಿಂದಿನ ದಿನ ಗ್ರಾಮ ಪಂಚಾಯಿತಿಯಿಂದ ಟಾಂಟಾಂ ಆಗಲಿ, ವಾಟ್ಸಾಪ್ ಮೆಸೇಜಾದರೂ ಬರಲಿ. ನಿಮ್ಮೂರಿಗೆ ಡ್ರೋನಿನವರು ಬಂದರೆ ಪೈಲಟ್ ಸರ್ಟಿಫಿಕೇಟ್, ಡ್ರೋನಿನ ನಂಬರ್ ತೋರಿಸಿ ಅಂತ ಕೇಳಿ. ತೋರಿಸಿದರೆ ಒಂದು ಲೋಟ ಮಜ್ಜಿಗೆ ಕೊಡಿ, ತೋರಿಸದಿದ್ದರೆ 112ಕ್ಕೆ ಫೋನ್ ಮಾಡಿ. ಕಲ್ಲು ಮಾತ್ರ ಎತ್ತಬೇಡಿ, ಬ್ಯಾಟರಿ ಸಮೇತ ಬಿದ್ದರೆ ಸುಡುವುದು ನಿಮ್ಮದೇ ಬಣವೆ.